ಎಷ್ಟು ಜನ ಇದ್ದರೆ ಒಂದು ಊರಿಗೆ ರಸ್ತೆ?

ಇವತ್ತು ಒಂದು ಸಿಂಪಲ್ ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಒಂದು ಹಳ್ಳಿಗೆ ಡಾಂಬರು ರಸ್ತೆ ಬರಬೇಕು ಅಂದ್ರೆ ಅಲ್ಲಿ ಎಷ್ಟು ಜನ ಇರಬೇಕು?

ಸರ್ಕಾರದ ಹತ್ರ ಇದಕ್ಕೊಂದು ನಂಬರ್ ಇದೆ. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯ್ತು. ಸರ್ವಋತು ರಸ್ತೆ ಇಲ್ಲದ ಜನವಸತಿಗಳಿಗೆ ರಸ್ತೆ ಕೊಡೋದು ಅದರ ಗುರಿ. ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನ ಇರಬೇಕು. ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ 250 ಸಾಕು. ಆಗ ಲೆಕ್ಕಕ್ಕೆ ಆಧಾರ 2001ರ ಜನಗಣತಿ ಆಗಿತ್ತು.

ಕಾಮರ್ಸ್ ಓದಿದ ನನಗೆ ಈ ಲಾಜಿಕ್ ಅರ್ಥ ಆಗುತ್ತೆ. ದುಡ್ಡು ಕಮ್ಮಿ, ಊರು ಜಾಸ್ತಿ. ಹೆಚ್ಚು ಜನ ಇರೋ ಕಡೆ ಮೊದಲು ಖರ್ಚು ಮಾಡಿ, ಅಷ್ಟೇ. ಸಮಸ್ಯೆ ಬರೋದು ನಮ್ಮ ಮಲೆನಾಡಿನಲ್ಲಿ. ಇಲ್ಲಿ ಗುಡ್ಡ ಇದೆ, ಆದ್ರೆ ಆ ಪಟ್ಟಿಯ ಪ್ರಕಾರ ಕರ್ನಾಟಕ ಗುಡ್ಡಗಾಡು ರಾಜ್ಯ ಅಲ್ಲ. ಮನೆಗಳು ಕೂಡ ಒಂದೇ ಬೀದಿಯಲ್ಲಿ ಇರಲ್ಲ. ತೋಟಕ್ಕೊಂದು, ಕಣಿವೆಗೊಂದು. 500 ತಲೆ ಒಂದೇ ಕಡೆ ಎಣಿಸೋದು ಕಷ್ಟ.

ಜನಸಂಖ್ಯೆ ತಾನಾಗೇ ಕಮ್ಮಿ ಆಗುತ್ತಾ? ಸಾಗರ ತಾಲ್ಲೂಕಿನ ತುಮರಿ ಕಡೆ ನೋಡೋಣ. 1940ರ ದಶಕದಲ್ಲಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಬಂತು. 1948ರಲ್ಲಿ ಜೋಗದಲ್ಲಿ ಕರೆಂಟ್ ಉತ್ಪಾದನೆ ಶುರು. 1964ರಲ್ಲಿ ಅದಕ್ಕಿಂತ ದೊಡ್ಡ ಲಿಂಗನಮಕ್ಕಿ ಅಣೆಕಟ್ಟು ಮುಗೀತು. ಹಳೇ ಅಣೆಕಟ್ಟೇ ಹೊಸದರ ಹಿನ್ನೀರಿನಲ್ಲಿ ಮುಳುಗಿತು ಅಂದ್ರೆ ನೀರು ಎಷ್ಟು ಏರಿರಬೇಕು ಊಹಿಸಿ. ಗದ್ದೆ, ತೋಟ, ಊರಿಗೆ ಊರೇ ಹೋಯ್ತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಉಳಿದ ಕರೂರು, ಭಾರಂಗಿ ಹೋಬಳಿಯ ಜನಕ್ಕೆ ತಾಲ್ಲೂಕು ಕೇಂದ್ರ ನೀರಿನ ಆಚೆ ದಡಕ್ಕೆ ಹೋಯ್ತು.

ಆಮೇಲೆ ದಶಕಗಳ ಕಾಲ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ಅವರ ಹೆದ್ದಾರಿ. ರಾತ್ರಿ ಲಾಂಚ್ ಇಲ್ಲ. ಹಾಗಾದ್ರೆ ರಾತ್ರಿ ಹೆರಿಗೆ ನೋವು ಬಂದ್ರೆ? ಸುತ್ತು ಬಳಸೋ ಘಟ್ಟದ ದಾರಿಯೇ ಗತಿ. ಬೇಸಿಗೆಯಲ್ಲಿ ನೀರು ಇಳಿದ್ರೆ ವಾಹನ ಹತ್ತಿಸೋದೂ ಬಂದ್. 2023ರ ಜೂನ್‌ನಲ್ಲಿ ಹಾಗೇ ಆಯ್ತು. ಇಂಥ ಕಡೆ ಓದಿದ ಹುಡುಗ ಹುಡುಗಿಯರು ಊರಲ್ಲೇ ಉಳೀತಾರಾ? ಅವರು ಹೋದಷ್ಟೂ ಊರಿನ ಲೆಕ್ಕ ಇಳಿಯುತ್ತೆ. ಲೆಕ್ಕ ಇಳಿದಷ್ಟೂ ರಸ್ತೆ ಕೇಳೋ ದನಿ ಸಣ್ಣದಾಗುತ್ತೆ.

ಕೊನೆಗೂ 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಎರಡು ಕಿಲೋಮೀಟರಿಗೂ ಉದ್ದ, ಖರ್ಚು 400 ಕೋಟಿ ರೂಪಾಯಿಗೂ ಮೇಲೆ. ಒಂದು ವಿಷಯ ಗಮನಿಸಿ. ಇದು ಗ್ರಾಮ ಸಡಕ್ ಲೆಕ್ಕದಲ್ಲಿ ಬಂದಿದ್ದಲ್ಲ, ರಾಷ್ಟ್ರೀಯ ಹೆದ್ದಾರಿ ಲೆಕ್ಕದಲ್ಲಿ ಬಂದಿದ್ದು. ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಬರೋ ಜನಸಾಗರ ಇಲ್ಲದಿದ್ರೆ, ಬರೀ ಸ್ಥಳೀಯರ ಸಂಖ್ಯೆ ಇಷ್ಟು ದೊಡ್ಡ ಸೇತುವೆ ತರ್ತಿತ್ತಾ? ನನಗೆ ಅನುಮಾನ. ಹಾಗಂತ ಸೇತುವೆ ಬೇಡ ಅಂತಲ್ಲ. ನಾಡಿಗೆ ಬೆಳಕು ಕೊಡೋಕೆ ನೆಲ ಬಿಟ್ಟವರಿಗೆ ಅದು ಹಕ್ಕಾಗಿ ಸಿಗಬೇಕಿತ್ತು, 60 ವರ್ಷ ಮುಂಚೆ.

ನಾನು ಹೇಳೋದಿಷ್ಟೇ. ಊರಿನ ಜನಸಂಖ್ಯೆಯನ್ನ ಓದುವಾಗ, ಆ ಸಂಖ್ಯೆ ಯಾಕೆ ಚಿಕ್ಕದಾಯ್ತು ಅನ್ನೋದನ್ನೂ ಓದಬೇಕು. ಗ್ರಾಮ ಸಡಕ್‌ನ ನಾಲ್ಕನೇ ಹಂತ 2024ರಲ್ಲಿ ಮಂಜೂರಾಯ್ತು. ಅದಕ್ಕೂ ಆಧಾರ 2011ರ ಜನಗಣತಿಯೇ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ.

ಅಷ್ಟರಲ್ಲಿ ನಿಮಗೊಂದು ಹೋಂವರ್ಕ್. 2011ರ ಜನಗಣತಿಯ ಗ್ರಾಮ ಮಾಹಿತಿಯಲ್ಲಿ ನಿಮ್ಮ ಊರು ಹುಡುಕಿ. ಅಲ್ಲಿ ಬಸ್ ಇದೆಯಾ ಅನ್ನೋ ಕಾಲಂ ಇದೆ. ಇಲ್ಲ ಅಂದ್ರೆ ಎಷ್ಟು ದೂರ ಅಂತಲೂ ಇದೆ: 5 ಕಿಲೋಮೀಟರ್ ಒಳಗೆ, 5ರಿಂದ 10, ಇಲ್ಲವೇ 10ಕ್ಕಿಂತ ಹೆಚ್ಚು. ಅದನ್ನ ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ನಡೆದ ದಾರಿ ಎಷ್ಟು ಅಂತ ಕೇಳಿ. ಆ ಉತ್ತರಗಳನ್ನ ನಮಗೆ ಕಳಿಸಿ. ಮತ್ತೆ ಸಿಗೋಣ.