‘ಸುಪ್ರಾ ಎಂಜಿನ್’ ನಿಜಕ್ಕೂ ಯಾವ ಕಾರಿನದು? (ಕಾರು ಕಥೆ, ಭಾಗ 7)

ಟೊಯೋಟಾ ಸುಪ್ರಾ ಅಂದ ತಕ್ಷಣ ನಮಗೆ ನೆನಪಾಗೋದು ಎರಡೇ: 2ಜೆಝಡ್ ಎಂಜಿನ್, 6 ಸ್ಪೀಡ್ ಮ್ಯಾನ್ಯುಯಲ್ ಗೇರ್. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾದ ಕಿತ್ತಳೆ ಬಣ್ಣದ ಸುಪ್ರಾ ಇವತ್ತಿಗೂ ಎಷ್ಟೋ ಜನರ ವಾಲ್‌ಪೇಪರ್. ಆದ್ರೆ ಆ ಟರ್ಬೊ ಎಂಜಿನ್ ಮೊದಲು ಬಂದಿದ್ದು ಸುಪ್ರಾದಲ್ಲಿ ಅಲ್ಲ, ಮ್ಯಾನ್ಯುಯಲ್ ಗೇರ್ ಜೊತೆಗೂ ಅಲ್ಲ!

🔧 1991
ಆ ವರ್ಷ ಟೊಯೋಟಾ ಜಪಾನಿನಲ್ಲಿ ಅರಿಸ್ಟೊ ಅನ್ನೋ ಐಷಾರಾಮಿ ಸೆಡಾನ್ ಬಿಡುಗಡೆ ಮಾಡಿತು. ಅದರ ಟಾಪ್ ಮಾಡೆಲ್‌ನಲ್ಲಿ ಇದ್ದಿದ್ದೇ 2ಜೆಝಡ್-ಜಿಟಿಇ. 2,997 ಸಿಸಿ, ಸಾಲಾಗಿ 6 ಸಿಲಿಂಡರ್, ಎರಡು ಟರ್ಬೊ, ಎರಕದ ಕಬ್ಬಿಣದ ಬ್ಲಾಕ್. ಪೇಪರ್ ಮೇಲೆ 280 ಪಿಎಸ್, ಯಾಕಂದ್ರೆ ಜಪಾನಿನ ಕಂಪನಿಗಳೇ ಸೇರಿ ಹಾಕಿಕೊಂಡಿದ್ದ ಮಿತಿ ಅಷ್ಟು. ಗೇರ್‌ಬಾಕ್ಸ್? 4 ಸ್ಪೀಡ್ ಆಟೋಮ್ಯಾಟಿಕ್ ಮಾತ್ರ.

ಗೆಟ್ರಾಗ್ ಕಂಪನಿಯ 6 ಸ್ಪೀಡ್ ಮ್ಯಾನ್ಯುಯಲ್ ಜೊತೆ ಇದೇ ಎಂಜಿನ್ ಸುಪ್ರಾಗೆ ಬಂದಿದ್ದು 1993ರಲ್ಲಿ. 1997ರಲ್ಲಿ ಎರಡನೇ ಅರಿಸ್ಟೊ ಬಂತು. ಅದೂ ಆಟೋಮ್ಯಾಟಿಕ್ಕೇ.

📉 ಇಲ್ಲಿ ನಮ್ಮ ಅಕೌಂಟ್ಸ್ ಬರುತ್ತೆ
ಜಪಾನಿನಲ್ಲಿ ‘ಶಾಕೆನ್’ ಅನ್ನೋ ತಪಾಸಣೆ ಇದೆ. ಹೊಸ ಕಾರಿಗೆ ಮೊದಲ ಸಲ 3 ವರ್ಷಕ್ಕೆ, ಆಮೇಲೆ ಪ್ರತಿ 2 ವರ್ಷಕ್ಕೊಮ್ಮೆ. ಕಾರು ಹಳೇದಾದಷ್ಟೂ ಅದನ್ನ ಪಾಸ್ ಮಾಡಿಸೋ ಖರ್ಚು ಜಾಸ್ತಿ, ಕಾರಿನ ಬೆಲೆ ಮಾತ್ರ ಕಮ್ಮಿ. ಒಂದು ಹಂತದಲ್ಲಿ ಓನರ್‌ಗೆ ಇಟ್ಟುಕೊಳ್ಳೋದಕ್ಕಿಂತ ಮಾರೋದೇ ಲಾಭ ಅನ್ಸುತ್ತೆ. ಹಾಗೆ ಗುಜರಿಗೆ ಹೋದ ಕಾರಿನಲ್ಲೂ ಎಂಜಿನ್ ಚೆನ್ನಾಗೇ ಇರಬಹುದು. ಪುಸ್ತಕದಲ್ಲಿ ಬೆಲೆ ಸೊನ್ನೆಗೆ ಹತ್ತಿರ, ಬಾನೆಟ್ ಕೆಳಗೆ ಚಿನ್ನ.

ಅಂಥ ಕಾರುಗಳ ಮುಂಭಾಗವನ್ನ ಮಾತ್ರ ಕತ್ತರಿಸಿ ಹಡಗಿಗೆ ಹಾಕೋ ವ್ಯಾಪಾರ ಬೆಳೀತು. ಇದಕ್ಕೆ ‘ಹಾಫ್ ಕಟ್’ ಅಂತಾರೆ. ಮಲೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಕಡೆ ಹೋಯ್ತು. ಅಮೆರಿಕದಲ್ಲಿ ಟರ್ಬೊ ಅರಿಸ್ಟೊ ಮಾರಾಟಕ್ಕೇ ಬರಲಿಲ್ಲ, ಆದ್ರೆ ಅದರ ಎಂಜಿನ್ ಮಾತ್ರ ಬಂತು. ಅಲ್ಲಿ ಲೆಕ್ಸಸ್ ಐಎಸ್300 ಕಾರಲ್ಲಿ ಟರ್ಬೊ ಇಲ್ಲದ 2ಜೆಝಡ್ ಇತ್ತು. ಮ್ಯಾನ್ಯುಯಲ್ ಗೇರ್ ಕೂಡ ಸಿಗ್ತಿತ್ತು. ಹುಡುಗರು ಆಟೋಮ್ಯಾಟಿಕ್ ಅರಿಸ್ಟೊ ಎಂಜಿನ್ ತಂದು ಅದರೊಳಗೆ ಕೂರಿಸಿದ್ರು.

⚙️ ಹಾಗಾದ್ರೆ ಬದಲಾಗೋದು ಏನು?
ಎಂಜಿನ್ನಿನ ಒಳಗಡೆ ಏನೂ ಬೇಡ. ಕೆಲಸ ಇರೋದು ಹಿಂದಿನ ತುದಿಯಲ್ಲಿ. ಆಟೋಮ್ಯಾಟಿಕ್‌ನಲ್ಲಿ ಕ್ರ್ಯಾಂಕ್‌ಗೆ ‘ಫ್ಲೆಕ್ಸ್‌ಪ್ಲೇಟ್’ ಅನ್ನೋ ತೆಳು ತಟ್ಟೆ ಇರುತ್ತೆ, ಅದಕ್ಕೆ ಟಾರ್ಕ್ ಕನ್ವರ್ಟರ್ ಬೋಲ್ಟ್ ಆಗಿರುತ್ತೆ. ಅದನ್ನ ಬಿಚ್ಚಿ ಭಾರದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಹಾಕಬೇಕು. ಕ್ರ್ಯಾಂಕ್ ತುದಿಯ ತೂತಿಗೆ ಪೈಲಟ್ ಬೇರಿಂಗ್ ಅಂತ ಒಂದು ಪುಟ್ಟ ಬೇರಿಂಗ್ ಬೇಕು, ಗೇರ್‌ಬಾಕ್ಸ್ ಶಾಫ್ಟಿನ ಮೂತಿ ನಿಲ್ಲೋದು ಅದರಲ್ಲೇ. ಅದನ್ನ ಮರೆತರೆ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು.

ಆಮೇಲೆ ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್. ಆಟೋಮ್ಯಾಟಿಕ್ ಕಾರಿನ ಇಸಿಯು ಗೇರ್‌ಬಾಕ್ಸಿನಿಂದ ಸಿಗ್ನಲ್ ಕಾಯ್ತಾ ಇರುತ್ತೆ. ಬರದಿದ್ರೆ ತಪ್ಪಿದೆ ಅಂತ ಲೈಟ್ ಹಾಕುತ್ತೆ. ಅದಕ್ಕೇ ವೈರಿಂಗ್ ಕೆಲಸ, ಬೇರೆ ಇಸಿಯು. ಐಎಸ್300ನ ಮೂಲ ಗೇರ್‌ಬಾಕ್ಸ್ ಟರ್ಬೊ ಎಂಜಿನ್ನಿನ ಜೋರು ತಡೆಯೋದು ಕಷ್ಟ. ಹಾಗಾಗಿ ಟೊಯೋಟಾದ್ದೇ ಗಟ್ಟಿ ಆರ್154 ಹುಡುಕ್ತಾರೆ. ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ಶುರು ಮಾಡಿದವರ ಬಜೆಟ್ ತಪ್ಪೋದು ಇಲ್ಲೇ!

💭 ನನಗೆ ಅನ್ಸಿದ್ದು
ಈ ಎಂಜಿನ್ನಿಗೆ ಹೆಸರು ಬಂದಿದ್ದು ಸುಪ್ರಾದಿಂದ, ಸರಿ. ಆದ್ರೆ ಸುಪ್ರಾ ಕೊಳ್ಳೋಕಾಗದ ಗ್ಯಾರೇಜ್ ಹುಡುಗರ ಕೈಗೆ ಅದನ್ನ ತಲುಪಿಸಿದ್ದು ಆಟೋಮ್ಯಾಟಿಕ್ ಸೆಡಾನ್. ಅದಕ್ಕೆ ಬೆಲೆಯೂ ಇದೆ: ಹೀಗೆ ಒಂದು ಕಾರು ಮ್ಯಾನ್ಯುಯಲ್ ಹೀರೋ ಆಗೋಕೆ ಇನ್ನೊಂದು ಅರಿಸ್ಟೊ ರಸ್ತೆಯಿಂದಲೇ ಹೋಗಬೇಕು. ಬ್ಯಾಲೆನ್ಸ್ ಶೀಟಲ್ಲಿ ಸೊನ್ನೆ ಅಂತ ಬರೆದದ್ದೆಲ್ಲ ನಿಜಕ್ಕೂ ಸೊನ್ನೆ ಅಲ್ಲ.

ನೀವಾಗಿದ್ರೆ ಅರಿಸ್ಟೊವನ್ನ ಹಾಗೇ ಉಳಿಸ್ತಿದ್ರಾ, ಎಂಜಿನ್ ಇಳಿಸ್ತಿದ್ರಾ? ಕಾಮೆಂಟಲ್ಲಿ ಹೇಳಿ. ಭಾಗ 8ರಲ್ಲಿ ಸಿಗೋಣ 🙏

#ಕಾರುಕಥೆ #ಕನ್ನಡದಲ್ಲಿಕಾರು #ಅರಿಸ್ಟೊ