‘ಚಿಂತೆ’ ಎಂಬ ಶಬ್ದವೂ ಕನ್ನಡ ಕ್ರೈಸ್ತರ ಪ್ರಾರ್ಥನೆಯೂ

ತುಂಗಭದ್ರೆಯ ಎಡಗಡೆಗೆ ಗಂಗಾವತಿ, ಕನಕಗಿರಿ, ನವಲಿ ಮೊದಲಾದ ಊರುಗಳಿಂದ ಕೂಡಿದ ಸೀಮೆಯು ಪ್ರಾಚೀನ ಎಡೆದೊರೆನಾಡಿನ ಒಂದು ಭಾಗವಾಗಿದೆ. ಎರಡು ಮಹಾನದಿಗಳ ನಡುವೆ ಇದ್ದರೂ, ಹೊಳೆಯಂಚಿನಲ್ಲಿ ವಿಜಯನಗರದ ಕಾಲದ ಕಾಲುವೆಗಳ ಆಸರೆ ಪಡೆದ ಕೆಲವು ಊರುಗಳನ್ನು ಬಿಟ್ಟರೆ, ಈ ನೆಲವು ಬಹುಕಾಲ ಮುಗಿಲನ್ನೇ ನಂಬಿ ಬದುಕಿತು. 1953ರಲ್ಲಿ ತುಂಗಭದ್ರೆಗೆ ಕಟ್ಟೆ ಕಟ್ಟಿ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆಯೂ ನೀರಿನ ಮಾತು ತೀರಲಿಲ್ಲ. ಜಲಾಶಯದಲ್ಲಿ ಹೂಳು ತುಂಬಿದ ಕಾರಣ ನವಲಿಯ ಬಳಿಯಲ್ಲಿಯೇ ಮತ್ತೊಂದು ಜಲಾಶಯವನ್ನು ಕಟ್ಟಬೇಕೆಂಬ ಯೋಜನೆ ಹುಟ್ಟಿತು. ಮಳೆ ಬಂದೀತೇ, ಬೆಳೆ ಕೈಗೆ ಹತ್ತೀತೇ ಎಂಬುದೇ ಇಲ್ಲಿಯ ಒಕ್ಕಲಿಗನ ಮೊದಲನೆಯ ಚಿಂತೆ. ನಾಳಿನ ಊಟಕ್ಕಾಗಿ ಚಿಂತಿಸಬಾರದೆಂದು ಹೇಳುವ ಕ್ರಿಸ್ತನ ಪರ್ವತಪ್ರಸಂಗವು ಇಂಥ ಸೀಮೆಯ ನುಡಿಗೆ ಇಳಿದುಬಂದುದು ಹೇಗೆ, ಇಳಿದ ಮೇಲೆ ಅದಕ್ಕೆ ಯಾವ ಅರ್ಥವು ಕೂಡಿಕೊಂಡಿತು ಎಂಬುದು ಭಾಷೆಯ ಚರಿತ್ರೆಗೂ ಜನರ ಚರಿತ್ರೆಗೂ ಸಮಾನವಾಗಿ ಸೇರಿದ ಪ್ರಶ್ನೆಯಾಗಿದೆ.

ಎಡೆದೊರೆನಾಡಿಗೆ ಕ್ರೈಸ್ತಮತವು ಹೊಸದಲ್ಲ. ಮುದಗಲ್ಲಿನಲ್ಲಿರುವ ಕಥೋಲಿಕ ಸಭೆಯು ಗೋವೆಯ ಜೆಸುಯಿಟ್ ಪಾದ್ರಿಗಳ ಮೂಲಕ ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ನೆಲೆಗೊಂಡುದು. ಆದರೆ ಬೈಬಲ್ಲಿನ ಪಾಠವು ಅಚ್ಚಾಗಿ ಸಾಮಾನ್ಯರ ಕೈಗೆ ಬರುವ ಕಾರ್ಯವು ಹೊಳೆಯ ಆಚೆಯ ದಡದಿಂದ ಮೊದಲಾಯಿತು. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಗಂಗಾವತಿ ಕೊಪ್ಪಳಗಳು ನಿಜಾಮನ ರಾಜ್ಯದಲ್ಲಿಯೇ ಉಳಿದುವು. ಹೀಗೆ ಒಂದೇ ನುಡಿಯ ಜನರ ನಡುವೆ ಹೊಳೆಯೇ ಗಡಿಯಾಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಅನುವಾದಕ್ಕೆ ತೊಡಗಿದನು. ಮುಂದೆ ಅವನನ್ನು ಕೂಡಿಕೊಂಡ ವಿಲಿಯಂ ರೀವನು ಕನ್ನಡ ನಿಘಂಟನ್ನೂ ರಚಿಸಿದನು. ಮೂವತ್ತರ ದಶಕದ ಆರಂಭಕ್ಕೆ ಸಮಗ್ರ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. ಆ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಈ ಅನುವಾದದ ಪರಿಷ್ಕರಣಕ್ಕಾಗಿ ದುಡಿದರು. ಇಂದು ಕನ್ನಡ ಸಭೆಗಳಲ್ಲಿ ರೂಢಿಯಾಗಿರುವ ಪಾಠವು ಹೀಗೆ ಹಲವು ಕೈಗಳಲ್ಲಿ ಮಾಗಿ ಬಂದುದು. ಆ ಪಾಠದಲ್ಲಿ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯ, ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ, ಪೇತ್ರನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯ ಈ ಮೂರೆಡೆಗಳಲ್ಲಿಯೂ ‘ಚಿಂತೆ’ ಎಂಬ ಶಬ್ದವೇ ನಿಂತಿದೆ.

ಈ ಆಯ್ಕೆಯು ಸುಲಭವಾಗಿ ಕಾಣಬಹುದು. ಆದರೆ ವಾಸ್ತವವಾಗಿ ಅಷ್ಟು ಸುಲಭವಲ್ಲ. ಕನ್ನಡದಲ್ಲಿ ಚಿಂತೆಗೆ ಎರಡು ಮುಖಗಳಿವೆ. ಸಂಸ್ಕೃತದ ಮೂಲಧಾತುವಿಗೆ ಆಲೋಚಿಸು ಎಂಬುದೇ ಅರ್ಥ. ಚಿಂತನೆ, ಚಿಂತಾಮಣಿ, ಶಿವಚಿಂತೆ ಎಂಬ ಪ್ರಯೋಗಗಳಲ್ಲಿ ದುಃಖದ ಸುಳಿವೂ ಇಲ್ಲ. ಇನ್ನೊಂದೆಡೆ ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆಯಷ್ಟೇ, ಚಿತೆಯು ಸತ್ತವರನ್ನು ಸುಟ್ಟರೆ ಚಿಂತೆಯು ಬದುಕಿರುವವರನ್ನು ಸುಡುತ್ತದೆ ಎಂಬ ಸುಭಾಷಿತದ ಮಾತು ಎಲ್ಲರ ಬಾಯಲ್ಲಿಯೂ ಇದೆ. ಕಿಟ್ಟೆಲ್ ಪಂಡಿತನು ತನ್ನ 1894ರ ನಿಘಂಟಿನಲ್ಲಿ ಆಲೋಚನೆ, ವ್ಯಾಕುಲ ಎಂಬ ಎರಡು ಅರ್ಥಗಳಿಗೂ ಎಡೆಗೊಟ್ಟಿರುವನು. ಅಂದಮೇಲೆ ‘ಚಿಂತೆ ಮಾಡಬೇಡಿರಿ’ ಎಂದಾಗ ಕೇಳುವವನು, ಮುಂದಿನದನ್ನು ಆಲೋಚಿಸಲೇಬಾರದೆಂದು ತಿಳಿಯಬೇಕೋ, ಕಳವಳಪಡಬಾರದೆಂದು ತಿಳಿಯಬೇಕೋ?

ಈ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇದೇ ಸ್ಥಳದಲ್ಲಿ ‘ಥಾಟ್’ ಎಂಬ ಶಬ್ದವಿದೆ. ಆ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಮನೋವ್ಯಥೆ ಎಂಬ ಅರ್ಥವೂ ಇದ್ದಿತು. ಕಾಲಕ್ರಮದಲ್ಲಿ ಆ ಅರ್ಥವು ಸವೆದು ಬರಿಯ ಆಲೋಚನೆ ಎಂಬುದು ಉಳಿದುದರಿಂದ, ಮುಂದಾಲೋಚನೆಯನ್ನೇ ಕ್ರಿಸ್ತನು ನಿಷೇಧಿಸಿದನೆಂದು ಜನರು ತಪ್ಪಾಗಿ ತಿಳಿಯುವಂತಾಯಿತು. 1881ರ ಪರಿಷ್ಕೃತ ಪಾಠದಲ್ಲಿ ಆ ಶಬ್ದವನ್ನು ತೆಗೆದು ವ್ಯಾಕುಲತೆಯನ್ನು ಸೂಚಿಸುವ ಶಬ್ದವನ್ನು ಹಾಕಬೇಕಾಯಿತು. ಕನ್ನಡದಲ್ಲಿ ಹಾಗಾಗಲಿಲ್ಲ. ‘ಚಿಂತೆ’ಯ ಎರಡು ಅರ್ಥಗಳೂ ಇನ್ನೂ ಜೀವಂತವಾಗಿವೆ, ‘ಚಿಂತೆ ಮಾಡು’ ಎಂಬ ರೂಢಿಯು ವ್ಯಥೆಯ ಕಡೆಗೆ ವಾಲುವುದರಿಂದ ಅನುವಾದಕರ ಶಬ್ದವು ಕೆಡದೆ ಉಳಿಯಿತು.

ಮೂಲದ ಗ್ರೀಕು ಶಬ್ದವಾದ ‘ಮೆರಿಮ್ನಾ’ ಎಂಬುದಕ್ಕೂ ಎರಡು ಮುಖಗಳಿರುವುದು ಗಮನಾರ್ಹವಾದುದು. ನಾಳೆಯ ಬಗೆಗಿನ ಕಳವಳವನ್ನು ಹೇಳುವ ಈ ಶಬ್ದದಿಂದಲೇ ಪೌಲನು ಸಭೆಗಳ ವಿಷಯದಲ್ಲಿ ತನಗಿದ್ದ ಕಾಳಜಿಯನ್ನೂ ಹೇಳಿರುವನು. ಹಿಂದಿನವರು ಇದನ್ನು ‘ಭಾಗಿಸು’ ಎಂಬ ಅರ್ಥದ ಧಾತುವಿಗೆ ಕೂಡಿಸಿ, ಚಿಂತೆಯೆಂದರೆ ಮನಸ್ಸು ಇಬ್ಭಾಗವಾಗುವುದು ಎಂದು ವಿವರಿಸುತ್ತಿದ್ದರು. ಈ ವಿವರಣೆ ಉಪದೇಶಕ್ಕೆ ಒಗ್ಗಿದಷ್ಟು ಶಬ್ದಶಾಸ್ತ್ರಕ್ಕೆ ಒಗ್ಗದು. ಶಬ್ದಶಾಸ್ತ್ರಜ್ಞರಲ್ಲಿ ಹಲವರು ಇದನ್ನು ಸಂಸ್ಕೃತದ ‘ಸ್ಮೃ’ ಧಾತುವಿಗೆ ಸಂಬಂಧಿಸಿದುದೆಂದು ಊಹಿಸಿರುವರು. ಈ ಊಹೆ ನಿಲ್ಲುವುದಾದರೆ, ದಾಸರು ಚಿಂತೆಗೆ ಮದ್ದೆಂದು ಹೇಳಿದ ಸ್ಮರಣೆಯೂ, ಸುವಾರ್ತೆಯು ಬಿಡೆಂದು ಹೇಳಿದ ಚಿಂತೆಯೂ ಒಂದೇ ಬೇರಿನ ಎರಡು ಕೊಂಬೆಗಳಾಗುವುವು.

ಮೂರು ಸ್ಥಳಗಳಲ್ಲಿ ಪೇತ್ರನ ಪತ್ರಿಕೆಯ ಸ್ಥಳವೇ ಅತ್ಯಂತ ಸ್ವಾರಸ್ಯವಾದುದು. ವಿಶ್ವಾಸಿಗಳು ತಮ್ಮ ಮೆರಿಮ್ನಾವನ್ನೆಲ್ಲ ದೇವರ ಮೇಲೆ ಹಾಕಬೇಕೆಂದು ಹೇಳಿ, ಅದಕ್ಕೆ ಕಾರಣವನ್ನು ಕೊಡುವಾಗ ಗ್ರೀಕು ಪಾಠವು ಬೇರೆಯೇ ಒಂದು ಕ್ರಿಯಾಪದವನ್ನು ಬಳಸುತ್ತದೆ. ಮನುಷ್ಯನ ಕಳವಳಕ್ಕೆ ಒಂದು ಶಬ್ದ, ದೇವರ ಪರಾಮರಿಕೆಗೆ ಮತ್ತೊಂದು. ಲೂಥರನ ಜರ್ಮನ್ ಪಾಠದಲ್ಲಿ ಈ ಭೇದವು ಅಳಿದು ಎರಡು ಕಡೆಗೂ ‘ಸೋರ್ಗೆ’ ಎಂಬುದರ ರೂಪಗಳೇ ಬಂದುವು. ಇಂಗ್ಲಿಷಿನಲ್ಲಿ ಎರಡು ಕಡೆಗೂ ‘ಕೇರ್’ ಬಂದಿತು. ಕನ್ನಡದಲ್ಲಿ ಎರಡು ಕಡೆಗೂ ಚಿಂತೆಯೇ ಬಂದಿತು. ಮನುಷ್ಯನು ಚಿಂತೆಯನ್ನು ಕೆಳಗಿಡಬೇಕಾದುದು ಏಕೆಂದರೆ ದೇವರು ಅವನಿಗಾಗಿ ಚಿಂತಿಸುತ್ತಾನೆ. ಮೂಲಕ್ಕೆ ಕಟ್ಟುಬಿದ್ದು ನೋಡುವವರು ಇದನ್ನು ಅನುವಾದದ ಸಡಿಲತನವೆನ್ನಬಹುದು. ಆದರೆ ಕನ್ನಡದ ಚಿಂತೆಯಲ್ಲಿ ವ್ಯಥೆಯೂ ಧ್ಯಾನವೂ ಒಟ್ಟಿಗೆ ಇರುವುದರಿಂದ ಇಲ್ಲಿ ಒಂದು ಹೊಸ ಅರ್ಥವು ಹುಟ್ಟಿತೆನ್ನಬೇಕು. ಭಕ್ತನು ದೇವರನ್ನು ಚಿಂತಿಸುವುದು ಈ ನಾಡಿಗೆ ಹಳೆಯ ಮಾತು. ದೇವರು ಭಕ್ತನನ್ನು ಚಿಂತಿಸುವನೆಂಬ ಮಾತು ಗ್ರೀಕಿನಲ್ಲಿ ಇಷ್ಟು ಮೊನಚಾಗಿ ಇಲ್ಲ.

ಈ ಉಪದೇಶವನ್ನು ಕೇಳಿದ ಕನ್ನಡಿಗನಿಗೆ ಅದು ತೀರ ಅಪರಿಚಿತವಾಗಿ ಕಂಡಿರಲಾರದು. ಕಾಗಿನೆಲೆಯ ಕನಕದಾಸರು ತಮ್ಮ ಮನಸ್ಸನ್ನೇ ಕುರಿತು ತಲ್ಲಣವನ್ನು ಬಿಡುವಂತೆ ಹೇಳಿಕೊಂಡ ಕೀರ್ತನೆಯೊಂದು ನಾಡಿಗೆಲ್ಲ ಗೊತ್ತಿರುವುದು. ಬೆಟ್ಟದ ತುದಿಯ ಮರ, ಕಲ್ಲಿನೊಳಗೆ ಹುಟ್ಟಿದ ಕಪ್ಪೆ, ಯಾರೂ ಬಣ್ಣವಿಡದೆ ಚೆಲುವಾದ ನವಿಲು ಎಂಬ ಅದರ ದೃಷ್ಟಾಂತಗಳನ್ನು, ಬಿತ್ತದ ಹಕ್ಕಿಗಳೂ ನೂಲದೆ ಸೊಲೊಮೋನನನ್ನು ಮೀರಿದ ಅಡವಿಯ ಹೂವುಗಳೂ ಇರುವ ಪರ್ವತಪ್ರಸಂಗದ ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವು ತಾನೇ ಗೋಚರಿಸುತ್ತದೆ. ಒಂದು ಇನ್ನೊಂದರಿಂದ ಬಂದಿತೆಂದು ಸಾಧಿಸಹೊರಡುವುದು ವ್ಯರ್ಥ. ಬಡವರ ನಡುವೆ ಬಾಳಿದ ಇಬ್ಬರು ಉಪದೇಶಕರು ಕಣ್ಣೆದುರಿನ ಪ್ರಾಣಿಸಸ್ಯಗಳನ್ನು ತೋರಿಸಿದುದರಲ್ಲಿ ಆಶ್ಚರ್ಯವೇನು? ದಾಸರ ಪದಗಳನ್ನು ಮೊಟ್ಟಮೊದಲು ಅಚ್ಚಿಗೆ ತಂದವರಲ್ಲಿ ಒಬ್ಬನೂ, ಅವುಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ತಿರುಗಿಸಿದವನೂ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗನೇ ಆದುದನ್ನು ಇಲ್ಲಿ ನೆನೆಯಬಹುದು. 1843ರಲ್ಲಿ ಅವನು ಮಂಗಳೂರಿನಲ್ಲಿ ಹೊರಡಿಸಿದ ಸಮಾಚಾರ ಪತ್ರಿಕೆಯು ಮರುವರ್ಷ ಅಚ್ಚಾದುದು ಬಳ್ಳಾರಿಯಲ್ಲಿಯೇ.

ಆದರೂ ಎರಡು ಮಾರ್ಗಗಳಲ್ಲಿ ಒಂದು ಭೇದವಿದೆ. ದಾಸರ ದಾರಿಯಲ್ಲಿ ಚಿಂತೆ ಅಡಗುವುದು ಹೆಚ್ಚಾಗಿ ನಾಮಸ್ಮರಣೆಯಿಂದ. ಕೇಳಿ ಪಡೆಯುವುದಕ್ಕಿಂತ ನೆನೆದು ಮರೆಯುವುದಕ್ಕೆ ಅಲ್ಲಿ ಪ್ರಾಧಾನ್ಯ. ಪೌಲನು ಫಿಲಿಪ್ಪಿಯವರಿಗೆ ಹೇಳುವುದು ಬೇರೆ ಬಗೆ. ಚಿಂತೆಯನ್ನು ಬಿಡಬೇಕಾದರೆ ಅದನ್ನು ಬಿನ್ನಹವನ್ನಾಗಿ ಮಾರ್ಪಡಿಸಬೇಕು, ಏನು ಬೇಕೆಂಬುದನ್ನು ಬಾಯ್ಬಿಟ್ಟು ಹೇಳಬೇಕು, ಅದೂ ಕೃತಜ್ಞತೆಯೊಡನೆ. ಪೌಲನು ಇದನ್ನು ಬರೆದುದು ಸೆರೆಯಲ್ಲಿದ್ದಾಗ ಎಂಬುದನ್ನು ಮರೆಯಲಾಗದು. ಚಿಂತೆಗೆ ಕಾರಣವಿಲ್ಲವೆಂದು ಅವನು ಹೇಳಲಿಲ್ಲ. ಕಾರಣವನ್ನು ಯಾರ ಮುಂದೆ ಇಡಬೇಕೆಂಬುದನ್ನು ಮಾತ್ರ ಹೇಳಿದನು. ಬಾಸೆಲ್ಲಿನ ಪಾದ್ರಿಗಳಲ್ಲಿ ಬಹುಮಂದಿ ಹುಟ್ಟಿಬೆಳೆದ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಮಂಡಲಿಗಳಲ್ಲಿ ಇದೇ ಪಾಠವು ಹಾಡಾಗಿ ನೆಲಸಿದ್ದಿತು. ಮೂವತ್ತು ವರ್ಷಗಳ ಯುದ್ಧವನ್ನು ಕಂಡ ಪೌಲ್ ಗೆರ್ಹಾರ್ಟ್ ಕವಿಯು 1653ರಲ್ಲಿ ಪ್ರಕಟಿಸಿದ ಗೀತೆಯೊಂದರ ಚರಣಗಳ ಮೊದಲ ಶಬ್ದಗಳನ್ನು ಕೂಡಿಸಿದರೆ, ನಿನ್ನ ದಾರಿಯನ್ನು ದೇವರಿಗೆ ಒಪ್ಪಿಸು ಎಂಬರ್ಥದ ಮೂವತ್ತೇಳನೆಯ ಕೀರ್ತನೆಯ ವಾಕ್ಯವಾಗುತ್ತದೆ. ಆ ಕವಿಯು ತನ್ನ ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡವನು. ಇಂಥ ಗೀತೆಗಳ ರಾಗಗಳು ಪಾದ್ರಿಗಳ ಜೊತೆಯಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳ ಸಭೆಗಳಿಗೂ ಬಂದುವು.

ಮಾತು ಸರಿಯಾಗಿತ್ತೇ ಎಂಬ ಪರೀಕ್ಷೆ 1876ರಲ್ಲಿ ಬಂದಿತು. ಆ ವರ್ಷ ಮಳೆ ಹೋಗಿ, ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ, ನಿಜಾಮನ ಕನ್ನಡ ಸೀಮೆ ಇವೆಲ್ಲವೂ ಎರಡು ವರ್ಷ ಕ್ಷಾಮಕ್ಕೆ ಸಿಕ್ಕಿದುವು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿತು. 1877ರ ಜನವರಿಯಲ್ಲಿ ವೈಸರಾಯನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಷನು ಇದರಿಂದ ಮನುಷ್ಯನ ದೇಹವು ನಿಲ್ಲದೆಂದು ವಾದಿಸಿದನು. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಅಷ್ಟರೊಳಗೆ ಸತ್ತವರು ಸತ್ತಿದ್ದರು. ಹಕ್ಕಿಗಳಿಗೆ ಅನ್ನವಿಕ್ಕುವ ದೇವರನ್ನು ನಂಬಿ ಚಿಂತೆಯನ್ನು ಬಿಡಿರೆಂಬ ಮಾತನ್ನು ಈ ಗುಂಪುಗಳ ನಡುವೆ ನಿಂತು ಓದುವುದು ಯಾವ ಪಾದ್ರಿಗೂ ಸುಲಭವಾಗಿರಲಾರದು. ಹಕ್ಕಿಗಳೇ ಸತ್ತು ಬೀಳುವ ವರ್ಷಗಳೂ ಉಂಟು.

ಅನಾಥರಾದ ಮಕ್ಕಳಿಗೆ ಮಿಷನ್ನುಗಳು ಆಶ್ರಯವಿತ್ತುವು. ಸಭೆಗಳಿಗೆ ಸೇರುವವರ ಸಂಖ್ಯೆಯೂ ಹೆಚ್ಚಿತು. ಆಗಲೇ ಅನ್ನಕ್ಕಾಗಿ ಮತ ಬಿಟ್ಟರು ಎಂಬ ಆಕ್ಷೇಪವೂ ಬಲವಾಯಿತು. ಈ ಆಕ್ಷೇಪವು ಹೊರಗಿನವರದು ಮಾತ್ರವಲ್ಲ, ಪಾದ್ರಿಗಳ ಒಳಗಿನ ಅಳುಕೂ ಆಗಿತ್ತೆಂಬುದಕ್ಕೆ ನೆರೆಯ ತೆಲುಗು ಸೀಮೆಯ ಒಂದು ನಿದರ್ಶನ ಸಾಕು. ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿಯಾದ ಕ್ಲೌನು ಕ್ಷಾಮಕಾಲದಲ್ಲಿ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಸಾವಿರಾರು ಮಂದಿಗೆ ಕೆಲಸ ಕೊಟ್ಟನು. ಆದರೆ ಪರಿಹಾರ ನಡೆಯುತ್ತಿದ್ದಷ್ಟು ಕಾಲ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರ ನಿಂತ ಮೇಲೆಯೂ ಜನರು ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಹೊಂದಿದರು. ಹಸಿದವನ ಪ್ರಾರ್ಥನೆಯನ್ನು ಸಂದೇಹಿಸುವುದು ನ್ಯಾಯವೇ ಎಂಬುದು ಬೇರೆ ಮಾತು. ಸುವಾರ್ತೆಗಳಲ್ಲಿ ಕ್ರಿಸ್ತನ ಬಳಿಗೆ ಬಂದವರಲ್ಲಿ ರೋಗಿಗಳೂ ಕುರುಡರೂ ಹಸಿದವರೂ ಹೆಚ್ಚು. ಬೇರೇನನ್ನೂ ಬಯಸದೆ ಬಂದವರು ವಿರಳ.

ಬಾಸೆಲ್ಲಿನವರು ಉಪದೇಶವೊಂದನ್ನೇ ನೆಚ್ಚಿ ಕೂಡಲಿಲ್ಲ. ದೀಕ್ಷೆ ಹೊಂದಿ ಕುಲದವರಿಂದ ಹೊರದೂಡಲ್ಪಟ್ಟವನಿಗೆ ಮರುದಿನವೇ ಹೊಟ್ಟೆಯ ಚಿಂತೆ ಮೊದಲಾಗುತ್ತಿದ್ದಿತು. ನಲವತ್ತರ ದಶಕದಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ನೆಲೆಯನ್ನು ಮಾಡಿ ನೋಡಿದರು, ಅದು ಕೈಗೂಡಲಿಲ್ಲ. ನೇಯ್ಗೆಯೂ, 1865ರಲ್ಲಿ ಮಂಗಳೂರಿನಲ್ಲಿ ಮೊದಲಾದ ಹೆಂಚಿನ ಕಾರ್ಖಾನೆಯೂ ಕೈಗೂಡಿದುವು. ನೂಲದ ಹೂವನ್ನು ದೃಷ್ಟಾಂತವಾಗಿ ಕೊಟ್ಟ ಮತವು ತನ್ನವರ ಕೈಗೆ ಮಗ್ಗವನ್ನು ಕೊಟ್ಟಿತೆಂದು ನಗುವವರು ನಗಬಹುದು. ಆದರೆ ಪ್ರಸಂಗವು ನಿಷೇಧಿಸಿದುದು ದುಡಿಮೆಯನ್ನಲ್ಲ.

ಕೊನೆಯದಾಗಿ ಇನ್ನೊಂದು ಶಬ್ದವುಂಟು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿಗೆ ವಿಶೇಷಣವಾಗಿ ಬಂದ ‘ಎಪಿಊಸಿಯೋಸ್’ ಎಂಬ ಗ್ರೀಕು ಪದವು ಎಷ್ಟು ಅಪೂರ್ವವೆಂದರೆ, ಸುವಾರ್ತಿಕರೇ ಅದನ್ನು ಸೃಷ್ಟಿಸಿರಬೇಕೆಂದು ಮೂರನೆಯ ಶತಮಾನದಲ್ಲಿಯೇ ಒರಿಗೆನನು ಹೇಳಿದನು. ಇಂದಿನದು, ಬೇಕಾದಷ್ಟು, ನಾಳಿನದು ಎಂದು ಅದಕ್ಕೆ ಹಲವು ಅರ್ಥಗಳನ್ನು ಹೇಳಿರುವರು; ಇಬ್ರಿಯರ ಸುವಾರ್ತೆಯೆಂಬ ಗ್ರಂಥದಲ್ಲಿ ನಾಳೆ ಎಂಬರ್ಥದ ಶಬ್ದವಿದ್ದಿತೆಂದು ಜೆರೋಮನು ಬರೆದಿರುವನು. ಕನ್ನಡಿಗರು ‘ಅನುದಿನ’ ಎಂಬುದನ್ನು ಆರಿಸಿಕೊಂಡರು. ರೊಟ್ಟಿಯ ಸ್ಥಾನದಲ್ಲಿ ‘ಆಹಾರ’ವನ್ನಿಟ್ಟರು. ಜೋಳದ ರೊಟ್ಟಿಯನ್ನೇ ಊಟವೆನ್ನುವ ಎಡೆದೊರೆನಾಡಿಗೆ ಮೂಲದ ಶಬ್ದವೇ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಅನುವಾದವು ಅಕ್ಕಿಯುಣ್ಣುವ ಕರಾವಳಿಗೂ ಸಲ್ಲಬೇಕಾಗಿತ್ತು. ಒಮ್ಮೆ ಬೆಳೆದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಯ್ದಿಟ್ಟುಕೊಳ್ಳುವ ಒಕ್ಕಲಿಗನು ಒಂದೊಂದು ದಿನದ ಆಹಾರವನ್ನು ಮಾತ್ರ ಬೇಡುವ ಈ ಮಾತನ್ನು ಹಗೇವು ತುಂಬಿದ ವರ್ಷ ಒಂದು ಬಗೆಯಾಗಿ ಕೇಳಿದ್ದಿರಬೇಕು. 1877ರಲ್ಲಿ, ಹಗೇವಿನ ಮಣ್ಣು ಕೆರೆದು, ಕಾಮಗಾರಿಯ ಸಾಲಿನಲ್ಲಿ ಒಂದು ಪೌಂಡು ಧಾನ್ಯಕ್ಕೆ ಸೆರಗೊಡ್ಡಿ ನಿಂತಾಗ, ಮತ್ತೊಂದು ಬಗೆಯಾಗಿ.