ಅರ ಹಾಕಿದ ಯೆಜ್ಡಿ

ಯಲಹಂಕದಲ್ಲಿರೋ ನನ್ನ ಕಾಲೇಜು ಗೆಳೆಯ ದೊಡ್ಡಬಳ್ಳಾಪುರದ ಕಡೆ ತೋಟ ಮಾಡಿದ್ದಾನೆ. ಅಲ್ಲಿ ಓಡಿಸೋಕೆ ಅಂತ ಹಳೇ ಎಟಿವಿ ತಗೊಂಡ, ಅದೇ ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ ಇರೋ ಗಾಡಿ. ಹೋದ ತಿಂಗಳು ಫೋನ್ ಮಾಡಿ, "ಇದಕ್ಕೆ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕಿಸ್ತೀನಿ ಕಣೋ, ಯಾವುದು ತಗೊಳ್ಳಲಿ?" ಅಂದ. "ಗೊಬ್ಬರ ಎಳೀತೀಯೋ, ರೇಸಿಗೆ ಬಿಡ್ತೀಯೋ?" ಅಂತ ಕೇಳಿದೆ. ತಮಾಷೆ ಅಂದುಕೊಂಡು ಸಿಟ್ಟಾದ. ನನಗೆ ದೊಡ್ಡಪ್ಪನ ಯೆಜ್ಡಿ ನೆನಪಾಗಿತ್ತು. ವಿಚಿತ್ರ ಅಂದ್ರೆ, ಆ ಯೆಜ್ಡಿಯಲ್ಲಿ ಕ್ಯಾಮ್‌ಶಾಫ್ಟೇ ಇರಲಿಲ್ಲ.

ಜೆಕ್ ದೇಶದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು ಶುರು ಮಾಡಿದ ಕಂಪನಿ ಜಾವಾ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಹೆಸರು. ಇರಾನಿ ಕುಟುಂಬದವರ ಐಡಿಯಲ್ ಜಾವಾ ಅದನ್ನು ಮೈಸೂರಿಗೆ ತಂದಿತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿ ಹೊರಬರತೊಡಗಿತು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಊರಲ್ಲಿ ಹುಡುಗರಿಗೆ ಅದನ್ನು ತೋರಿಸೋದೇ ಒಂದು ಗತ್ತು. ಇಂಜಿನ್ ಟೂ ಸ್ಟ್ರೋಕ್, 250 ಸಿಸಿ. ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಇಂಥ ಉದ್ದ ಸ್ಟ್ರೋಕಿನ ಇಂಜಿನ್ ಮೆಲ್ಲಗೆ ತಿರುಗುತ್ತಲೇ ಚೆನ್ನಾಗಿ ಎಳೆಯುತ್ತೆ.

ದೊಡ್ಡಪ್ಪ ಬೆಳಗ್ಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಕೆರೆ ಏರಿ ಹತ್ತಿ ಡೈರಿಗೆ ಹೋಗ್ತಿದ್ದರು, ರೋಡ್‌ಕಿಂಗ್ ಮೇಲೆ. ನಾನು ಮೂರನೇ ಕ್ಲಾಸಲ್ಲಿದ್ದಾಗ ಪೇಟೆಯ ಮೆಕ್ಯಾನಿಕ್ ಒಬ್ಬ, "ಸ್ಪೀಡ್ ಮಾಡಿಕೊಡ್ತೀನಿ" ಅಂತ ಬ್ಲಾಕ್ ಬಿಚ್ಚಿ, ಹೊಗೆ ಹೋಗೋ ಕಿಂಡಿಯ ಮೇಲಂಚಿಗೆ ಅರ ಹಾಕಿದ. ಎರಡು ಮಿಲಿಮೀಟರ್ ಇರಬಹುದು.

ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನೇ ಬಾಗಿಲು ಕಾಯುವವನು. ಕಿಂಡಿ ಎಷ್ಟು ಎತ್ತರ ಅನ್ನೋದರ ಮೇಲೆ ಅದು ಯಾವಾಗ ತೆರೆಯುತ್ತೆ, ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು ತೀರ್ಮಾನ. ಫೋರ್ ಸ್ಟ್ರೋಕಿನಲ್ಲಿ ಇದೇ ಕೆಲಸ ಕ್ಯಾಮಿನದು. ಕಿಂಡಿ ಎತ್ತರ ಮಾಡಿದ್ರೆ ಫುಲ್ ರೇಸಲ್ಲಿ ಗಾಡಿ ಹಾರುತ್ತೆ, ಕೆಳಗೆ ಜೀವ ಹೋಗುತ್ತೆ. ಹಾಗೇ ಆಯ್ತು. ಟಾರು ರೋಡಲ್ಲಿ ದೊಡ್ಡಪ್ಪ ಒಂದು ವಾರ ಖುಷಿಯಾಗಿದ್ದರು. ಏರಿ ಮೇಲೆ ಮಾತ್ರ ಹಾಲಿನ ಭಾರಕ್ಕೆ ಗಾಡಿ ಉಸಿರುಗಟ್ಟಿ ನಿಲ್ಲೋದು. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು, ಕೇಳಿದ ಕಡೆ ಬ್ಲಾಕ್ ಸಿಗಲಿಲ್ಲ. ಆರು ತಿಂಗಳು ಸೈಕಲ್ಲಲ್ಲಿ ಹಾಲು ಹೊತ್ತರು. ಗಾಡಿ ಕೊನೆಗೆ ಗುಜರಿಗೆ ಹೋಯ್ತು.

ಆ ಮೆಕ್ಯಾನಿಕ್ ಮಾಡಿದ್ದು ಹುಚ್ಚು ಕೆಲಸ ಅಲ್ಲ, ಅರ್ಧ ಕೆಲಸ ಅಂತ ನನಗೆ ತಿಳಿದದ್ದು ಬಿಇ ಮುಗಿದ ಮೇಲೆ, ವಾಲ್ಟರ್ ಕಾಡೆನ್ ಬಗ್ಗೆ ಓದಿದಾಗ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಈ ಇಂಜಿನಿಯರ್ 1961ರ ಹೊತ್ತಿಗೆ ಬರೀ 125 ಸಿಸಿಯಲ್ಲಿ 25 ಎಚ್‌ಪಿ ತೆಗೆದಿದ್ದ. ಅವನು ಕಿಂಡಿಯನ್ನಷ್ಟೇ ಮುಟ್ಟಲಿಲ್ಲ. ಹೊಗೆಯ ಅಲೆ ವಾಪಸ್ ಬಂದು ತಪ್ಪಿಸಿಕೊಂಡ ಪೆಟ್ರೋಲನ್ನು ಒಳಗೆ ತಳ್ಳೋ ಹಾಗೆ ಸೈಲೆನ್ಸರನ್ನೂ ಲೆಕ್ಕ ಹಾಕಿ ಹೊಂದಿಸಿದ. ಆ ವರ್ಷ ಅವನ ರೈಡರ್ ಡೆಗ್ನರ್ ಸ್ವೀಡನ್ ರೇಸಿನಿಂದ ಪರಾರಿಯಾಗಿ ಸುಜುಕಿ ಸೇರಿದ. 1962ರಲ್ಲಿ ಸುಜುಕಿ 50 ಸಿಸಿ ಚಾಂಪಿಯನ್.

ಈಗ ಗೆಳೆಯನ ಕ್ಯಾಮ್. ಶನಿವಾರ ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಕೂತು ಲೆಕ್ಕ ಹಾಕಿದೆವು. ಡ್ಯುರೇಷನ್ ಅಂದ್ರೆ ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತೆ. ಲಿಫ್ಟ್ ಅಂದ್ರೆ ಎಷ್ಟು ಮಿಲಿಮೀಟರ್ ಏಳುತ್ತೆ. ಡ್ಯುರೇಷನ್ ಜಾಸ್ತಿ ಇರೋ ಕ್ಯಾಮು ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತೆ. ಇಂಜಿನ್ ಜೋರಾಗಿ ತಿರುಗುವಾಗ ಗಾಳಿ ನುಗ್ಗುತ್ತಲೇ ಇರೋದ್ರಿಂದ ಅದು ಲಾಭ. ಮೆಲ್ಲಗೆ ತಿರುಗುವಾಗ ಮೇಲೇಳೋ ಪಿಸ್ಟನ್ ಬಂದ ಗಾಳಿಯನ್ನೇ ವಾಪಸ್ ಅಟ್ಟುತ್ತೆ. ಥೇಟ್ ಕೆರೆ ಏರಿ. ಇನ್ನು ಎರಡು ಕಂಪನಿಯ ಡ್ಯುರೇಷನ್ ಹೋಲಿಸೋವಾಗ ಒಂದೇ ಲಿಫ್ಟಿನಲ್ಲಿ, 1 ಮಿಲಿಮೀಟರಿನಲ್ಲಿ ಅಂತಿಟ್ಟುಕೊಳ್ಳಿ, ಅಳೆದದ್ದನ್ನೇ ನೋಡಬೇಕು. ಡಬ್ಬಿ ಮೇಲಿನ ದೊಡ್ಡ ಅಂಕಿ ನಂಬಬಾರದು. ಲಿಫ್ಟ್ ಜಾಸ್ತಿಯಾದ್ರೆ ಸ್ಪ್ರಿಂಗ್ ತಾಳುತ್ತಾ ನೋಡಬೇಕು, ಪಿಸ್ಟನ್ ತಲೆಗೆ ಕ್ಲೇ ಮೆತ್ತಿ ಕೈಯಲ್ಲೇ ಇಂಜಿನ್ ಎರಡು ಸುತ್ತು ತಿರುಗಿಸಿ ವಾಲ್ವ್ ತಾಗುತ್ತಾ ಅಂತಲೂ ನೋಡಬೇಕು. ಕಾರ್ಬುರೇಟರ್ ಜೆಟ್, ಬೆಲ್ಟಿನ ಕ್ಲಚ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಇಲ್ಲದಿದ್ರೆ ಮತ್ತೆ ಅರ್ಧ ಕೆಲಸವೇ.

1970ರಲ್ಲಿ ಹೋಂಡಾ ಮಾರಿದ ಮೊದಲ ಮೂರು ಚಕ್ರದ ಎಟಿವಿಗೆ ಇದ್ದದ್ದು 89 ಸಿಸಿ ಇಂಜಿನ್. ಮರಳು, ಹಿಮ, ಕೆಸರು ಇಂಥ ಕಡೆ ತೆವಳೋಕೆ ಅಂತ ಹುಟ್ಟಿದ ಗಾಡಿ ಇದು. ಗೆಳೆಯ ಒಪ್ಪಿದ, ಮನಸ್ಸಿಲ್ಲದ ಮನಸ್ಸಿಂದ: ಡ್ಯುರೇಷನ್ ಹೆಚ್ಚುಕಮ್ಮಿ ಕಂಪನಿಯದ್ದೇ, ಲಿಫ್ಟ್ ಸ್ವಲ್ಪ ಜಾಸ್ತಿ ಇರೋ ಕ್ಯಾಮ್ ಆರ್ಡರ್ ಮಾಡಿದ.

ಯೆಜ್ಡಿ ಹೆಸರು 2022ರಲ್ಲಿ ವಾಪಸ್ ಬಂತು, 334 ಸಿಸಿ ಫೋರ್ ಸ್ಟ್ರೋಕ್ ಆಗಿ, ತಲೆ ಮೇಲೆ ಒಂದಲ್ಲ ಎರಡು ಕ್ಯಾಮ್‌ಶಾಫ್ಟ್ ಹೊತ್ತು. ಇದನ್ನೂ ಗೆಳೆಯನ ಕಥೆಯನ್ನೂ ಭಾನುವಾರ ಫೋನಲ್ಲಿ ದೊಡ್ಡಪ್ಪನಿಗೆ ಹೇಳಿದೆ.

"ಆ ಹೊಸಾದು ಸರಿ ಹೋಗ್ಲಿಲ್ಲ ಅಂದ್ರೆ ಬಿಚ್ಚಿ ಹಳೇದೇ ಹಾಕ್ಬೋದೇನ್ಲಾ?" ಅಂದರು.

"ಹಾಕ್ಬೋದು ದೊಡ್ಡಪ್ಪ."

"ಪುಣ್ಯವಂತ ಬಿಡು."